ಸದ್ದು ಮಾಡದ ಬೂಟು

ಡಾಕ್ಟರು ಹೇಳಿದ್ದು ಇನ್ನು ಮೇಲೆ ಬರಿಗಾಲಲ್ಲಿ ಎಲ್ಲೂ ನಡೆಯಬೇಡಿ ಎಂದು. ಕಡಲಿಗೆ ಇಳಿಯಬೇಡಿ ಎಂದು ಅವರು ಹೇಳಲಿಲ್ಲ. ಓಪಲ್ ಆ ಮಾತನ್ನು ಹಾಗೆಯೇ ಗಂಟು ಕಟ್ಟಿಕೊಂಡು ಆಸ್ಪತ್ರೆಯಿಂದ ಹೊರಗೆ ಬಂದಳು.

ಟ್ರಕ್ ಓಡಿಸುತ್ತಿದ್ದವಳು ಮಗಳು ರೋಂಡಾ. ಟ್ರಕ್ ಸೇತುವೆ ದಾಟಿತು. ಆಮೇಲೆ ಓಪಲ್ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು, "ನೀರಿನ ಮಾತು ಅವರು ಎತ್ತಲೇ ಇಲ್ಲ. ನೀನೂ ಅಲ್ಲೇ ಇದ್ದೆ."

"ಯಾಕೆ ಎತ್ತಲಿಲ್ಲ ಗೊತ್ತಾ ಅಮ್ಮ? ಕಾಲಲ್ಲಿ ಸ್ಪರ್ಶ ಇಲ್ಲದ ಮುದುಕಿಯೊಬ್ಬಳು ಎದೆಮಟ್ಟ ಅಲೇಲಿ ನಿಂತು ಮರಳು ಬಗೀತಾಳೆ ಅಂತ ಆ ಪುಣ್ಯಾತ್ಮನಿಗೆ ಕನಸಲ್ಲೂ ಹೊಳೆದಿರಲ್ಲ."

"ಎದೆಮಟ್ಟ ಅಲ್ಲ. ಸೊಂಟದಮಟ್ಟ."

"ನಗಬೇಕಾ ನಾನು?"

"ನಗೋದು ಬಿಡೋದು ನಿನ್ನಿಷ್ಟ. ಅಳತೆ ಸರಿ ಇರಲಿ ಅಂತ ಹೇಳಿದೆ."

ಸಕ್ಕರೆ ಕಾಯಿಲೆ ಓಪಲ್‌ಳ ಕಾಲಿಗೆ ಬಂದದ್ದು ಕಳ್ಳನ ಹಾಗೆ. ಮೊದಲು ಹೆಬ್ಬೆರಳು ಜೋಮು ಹಿಡಿಯಿತು, ಆಮೇಲೆ ಅಂಗಾಲು, ಆಮೇಲೆ ಹಿಮ್ಮಡಿ. ಹಿಂದಿನ ವರ್ಷ ಹಳೆಯ ಬಟ್ಟೆ ಶೂ ಹಾಕಿಕೊಂಡು ನೀರಿಗಿಳಿದಿದ್ದಾಗ ಯಾವುದೋ ಚಿಪ್ಪಿನ ಅಂಚು ಎಡಗಾಲನ್ನು ಕೊಯ್ದಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗುವ ಹೊತ್ತಿಗೆ ಕಾಲು ಬಾತುಕೊಂಡಿತ್ತು. ಕಿರುಬೆರಳು ಹೋಯಿತು, ಅದರ ಪಕ್ಕದ್ದೂ ಹೋಯಿತು. ಇನ್ನೊಂದು ಹುಣ್ಣಾದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಈ ಸಲ ಮುಚ್ಚುಮರೆ ಇಲ್ಲದೆ ಹೇಳಿದ್ದರು.

ಆ ಬೆರಳುಗಳಿಗಾಗಿ ಓಪಲ್ ಅತ್ತವಳಲ್ಲ. ಅಂದಿನಿಂದ ಕಡಲು ತಪ್ಪಿಹೋಗಿತ್ತಲ್ಲ, ಅದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಮದುವೆಗೆ ಮೊದಲಿನಿಂದ ಹಿಡಿದು ಕೂದಲು ನರೆಯುವವರೆಗೆ ಅವಳು ಸಿಗಡಿ ಕಾರ್ಖಾನೆಯಲ್ಲಿ ನಿಂತು ಸಿಗಡಿ ಸುಲಿದವಳು. ಮಂಜುಗಡ್ಡೆಯ ನೀರು ಹರಿಯುವ ಸಿಮೆಂಟು ನೆಲ, ಮೊಣಕಾಲುದ್ದದ ರಬ್ಬರ್ ಬೂಟು, ಕಿವಿಯ ತುಂಬ ಯಂತ್ರದ ಗದ್ದಲ. ಕೆಲಸ ಬಿಟ್ಟ ಮೇಲೆ ಸಂಜೆ ನೀರು ಇಳಿಯುವ ಹೊತ್ತಿಗೆ ಮೆಟಲ್ ಡಿಟೆಕ್ಟರ್ ಹಿಡಿದು ಅಲೆಗಳ ನಡುವೆ ಹೋಗಿ ನಿಂತರೆ, ಹೆಡ್‌ಫೋನಿನೊಳಗೆ ಮರಳಡಿ ಲೋಹ ಇದ್ದಾಗ ಬರುವ ಆ ಸಣ್ಣ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ. ಯಾರ ಮಾತನ್ನೂ ಕೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಅವಳೂರು ಫ್ಲ್ಯಾಗ್ಲರಿನ ಕಡಲದಂಡೆಗೆ ಬಂದು ಸ್ನಾನ ಮಾಡುವಾಗ ಉಂಗುರ ಕಳೆದುಕೊಂಡವರಿಗೆ ಗಾಳದ ಎರೆ ಮಾರುವ ಅಂಗಡಿಯವನು ಹೇಳುತ್ತಿದ್ದದ್ದು ಒಂದೇ ಮಾತು: "ಮಿಸ್ ಓಪಲ್‌ಗೆ ಹೇಳಿ ಹೋಗಿ." ಹಿರಿಯ ಹೆಂಗಸರಿಗೆಲ್ಲ ಆ ಊರಲ್ಲಿ ಗೌರವಕ್ಕೆ ಮಿಸ್ ಎನ್ನುವುದೇ ವಾಡಿಕೆ. ಈಗ ಒಂದು ವರ್ಷದಿಂದ ಅವನು ಹಾಗೆ ಹೇಳುತ್ತಿರಲಿಲ್ಲ.

ಮನೆ ಮುಂದೆ ಟ್ರಕ್ ನಿಲ್ಲಿಸಿ ರೋಂಡಾ ಕೀಲಿ ತೆಗೆಯದೆ ಕೂತಳು.

"ನೀನು ಹೋಗೇ ಹೋಗ್ತೀಯ ಅಂತ ಗೊತ್ತು. ಕಟ್ಟಿಹಾಕೋಕೆ ನನ್ನ ಕೈಲಾಗಲ್ಲ. ಆದ್ರೆ ಒಂದು ಮಾತು. ದಿನಾ ಬಂದ ಮೇಲೆ ನಿನ್ನ ಕಾಲು ನಾನು ನೋಡ್ತೀನಿ. ಚರ್ಮ ಒಂದು ಕಡೆ ಹರಿದಿದ್ರೂ ಮೆಷೀನು ದಂಡೇಲಿ ನಿನ್ನ ಜೊತೆ ಹುಡುಕೋ ಆ ಡೆಲ್ಬರ್ಟ್ ಪಾಲು. ಆಮೇಲೆ ನೀನು ವಾದ ಮಾಡಬಾರದು."

"ಆಯ್ತು," ಎಂದಳು ಓಪಲ್.

"ಅಷ್ಟು ಬೇಗ ಒಪ್ಕೊಂಡೆಯಾ?"

"ಚರ್ಮ ಹರಿಯಲ್ಲ, ಅದಕ್ಕೆ."

ಹೆದ್ದಾರಿ ಪಕ್ಕದಲ್ಲಿ ಸೂರು ಕಟ್ಟುವವರಿಗೆ, ಗಾರೆ ಕೆಲಸದವರಿಗೆ ಬೂಟು ಮಾರುವ ಅಂಗಡಿ ಇತ್ತು. ಓಪಲ್ ಅಲ್ಲಿಗೆ ಹೋಗಿ ಮೊಳೆ ತುಳಿದರೂ ಮೊಳೆಯೇ ಬಗ್ಗಬೇಕು ಅಂಥದ್ದು ಕೊಡಿ ಎಂದಳು. ಅವರು ಕೊಟ್ಟರು. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದಳು. ಕಾಲಿಗೆ ಏನೂ ತಿಳಿಯದಿದ್ದರೂ ಮೊಣಕಾಲಿಗೆ ತೂಕ ತಿಳಿಯಿತು. ಇರಲಿ, ತೂಕ ಇದ್ದರೆ ಅಲೆಯಲ್ಲಿ ನಿಲ್ಲಲು ಒಳ್ಳೆಯದೇ ಎಂದುಕೊಂಡಳು.

ಮರುದಿನ ಸಂಜೆ ನೀರು ಇಳಿಯುವ ಹೊತ್ತಿಗೆ ದಂಡೆಗೆ ಹೋದಾಗ ಡೆಲ್ಬರ್ಟ್ ಆಗಲೇ ಅಲ್ಲಿದ್ದ. ಹಿಂದೆ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದವನು. ಓಪಲ್ ಕಡಲಿಗಿಳಿದ ಕಾಲದಿಂದಲೂ ಅವಳ ಪಕ್ಕದ ನೀರಿನಲ್ಲಿ ಹುಡುಕುತ್ತಿದ್ದವನು. ಮೊಣಕಾಲು ಕೈಕೊಟ್ಟ ಮೇಲೆ ಒಣಮರಳಿಗೆ ಬಂದುಬಿಟ್ಟಿದ್ದ. ಕೈಯಲ್ಲಿ ಬೇಯಿಸಿದ ಶೇಂಗಾದ ಪೊಟ್ಟಣ.

"ಬಂದ್ಯಾ ಮಿಸ್ ಓಪಲ್. ಬಾ, ಒಣಮರಳಲ್ಲಿ ಜಾಗ ಬೇಕಾದಷ್ಟಿದೆ. ನೆರಳೂ ಇದೆ."

"ಬಾಟ್ಲಿ ಮುಚ್ಚಳ ಎಷ್ಟು ಸಿಕ್ಕಿತು ಇವತ್ತು?"

"ಒಂದು ಡೇರೆ ಗೂಟನೂ ಸಿಕ್ತು ಕಣೆ. ಹೀಗಳೀಬೇಡ."

"ಚಿನ್ನ ಜಾರೋದು ನೀರಲ್ಲಿ, ಕೂರೋದು ನೀರಲ್ಲಿ. ನೀನು ಮುಚ್ಚಳ ಆರಿಸ್ಕೋ," ಎಂದು ಅವಳು ನೇರವಾಗಿ ನೊರೆಯೊಳಕ್ಕೆ ನಡೆದಳು.

ಹೆಜ್ಜೆ ಎತ್ತದೆ, ಪಾದವನ್ನು ನೆಲದ ಮೇಲೆ ಜಾರಿಸುತ್ತ ಹೋದಳು. ಈ ಕಡೆಯ ನೀರಿನಲ್ಲಿ ಎಲ್ಲರೂ ಹಾಗೆಯೇ ನಡೆಯುವುದು. ಮರಳಿನಲ್ಲಿ ಹುದುಗಿರುವ ತೊರಕೆ ಮೀನು ಪಾದ ತಾಗಿದರೆ ಸರಿದು ಹೋಗುತ್ತದೆ, ಮೇಲಿನಿಂದ ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಸೊಂಟದಮಟ್ಟಕ್ಕೆ ಬಂದ ಮೇಲೆ ಅಲೆಗೆ ಪಕ್ಕೆ ಕೊಟ್ಟು ನಿಂತು, ಹೆಡ್‌ಫೋನು ಏರಿಸಿ, ಮೆಷೀನಿನ ಕೋಲಿನ ತುದಿಯ ತಟ್ಟೆಯನ್ನು ನೆಲಕ್ಕೆ ತಾಗುವಂತೆ ಎಡಕ್ಕೂ ಬಲಕ್ಕೂ ಬೀಸಿದಳು.

ಮೆಷೀನು ಕೂಗಿತು. ಎಂಥ ಕೂಗು, ಕಿವಿ ಕಿತ್ತುಹೋಗುವಷ್ಟು. ನೀರು ಮರಳು ಸೋರಿಹೋಗುವ ತೂತಿನ ಸಲಿಕೆ ಇಳಿಸಿ ಬಗೆದಳು, ಬರೀ ಮರಳು. ಮತ್ತೆ ಬೀಸಿದಳು, ಮತ್ತೆ ಕೂಗು. ಎರಡು ಹೆಜ್ಜೆ ಮುಂದೆ ಜಾರಿದಳು, ಕೂಗೂ ಅವಳ ಜೊತೆಯಲ್ಲೇ ಜಾರಿತು. ಆಗ ಹೊಳೆಯಿತು. ಮೊಳೆ ಬಗ್ಗಿಸುವ ಆ ಬೂಟಿನ ಅಟ್ಟೆಯೊಳಗೆ ಉಕ್ಕಿನ ತಗಡಿತ್ತು.

ನೀರಿನಲ್ಲಿ ಹುಡುಕುವವರು ಕಣ್ಣಿಂದ ಗುರುತು ಇಡುವುದಿಲ್ಲ, ಕಾಲಿನಿಂದ ಇಡುತ್ತಾರೆ. ಸದ್ದು ಬಂದ ಕಡೆ ಪಾದದ ತುದಿ ಊರಿ, ಅದರ ಎದುರಿಗೇ ಸಲಿಕೆ ಇಳಿಸಿ, ಹಿಮ್ಮಡಿಯಿಂದ ಸಲಿಕೆಯ ಬೆನ್ನು ತುಳಿಯಬೇಕು. ಆದ್ದರಿಂದ ತಟ್ಟೆ ಯಾವಾಗಲೂ ಕಾಲಿನ ಹತ್ತಿರವೇ ಸುಳಿಯುತ್ತದೆ. ಹೊಸದಾಗಿ ಬಂದವರಿಗೆ ಬೆಲ್ಟಿನ ಬಕ್ಕಲು ಮನೆಯಲ್ಲಿ ಬಿಟ್ಟು ಬಾ, ಶೂ ದಾರದ ತೂತಿನ ಬಳೆ ಹಿತ್ತಾಳೆಯದ್ದೋ ಪ್ಲಾಸ್ಟಿಕ್ಕಿನದ್ದೋ ನೋಡು ಎಂದು ಪಾಠ ಹೇಳುತ್ತಿದ್ದವಳು ಓಪಲ್. ಅವಳೇ ಕಬ್ಬಿಣ ಮೆಟ್ಟಿಕೊಂಡು ಬಂದಿದ್ದಳು.

ದಂಡೆಯ ಮೇಲೆ ಡೆಲ್ಬರ್ಟ್ ನಗುತ್ತ ಹೊಟ್ಟೆ ಹಿಡಿದುಕೊಂಡಿದ್ದ. "ನಿನ್ನ ಕಾಲಡೀಲೇ ಒಂದು ಹಡಗು ಮುಳುಗಿದೆ ಮಾರಾಯ್ತಿ. ಬಿಡಬೇಡ, ಬಗಿ."

ಓಪಲ್ ನೀರಿನಿಂದ ಮೇಲೆ ಬಂದಳು. ನೀರು ತುಂಬಿದ ಬೂಟು ಕಿಚಕಿಚ ಎನ್ನುತ್ತಿದ್ದರೂ ತಲೆ ತಗ್ಗಿಸದೆ ಅವನ ಮುಂದೆಯೇ ನಡೆದು ಹೋದಳು. ಹೋಗುವಾಗ ಅವನ ಪೊಟ್ಟಣದಿಂದ ಒಂದು ಹಿಡಿ ಶೇಂಗಾ ತೆಗೆದುಕೊಂಡಳು.

ಎರಡನೆಯ ಜೋಡಿ, ಮುಳುಗಿ ಈಜುವವರು ಹಾಕುವ ಮೆತ್ತನೆಯ ಕಪ್ಪು ಬೂಟು. ಉಕ್ಕಿಲ್ಲ, ಜಿಪ್ಪೂ ಪ್ಲಾಸ್ಟಿಕ್ಕಿನದು. ಕಾಲಿಗೆ ಇನ್ನೊಂದು ಚರ್ಮದ ಹಾಗೆ ಅಂಟಿಕೊಂಡಿತು. ಮೆಷೀನೂ ಸುಮ್ಮನಿತ್ತು. ಆ ದಿನ ಅವಳಿಗೆ ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡುಗಳು, ನಾಣ್ಯ, ಮಕ್ಕಳ ಬೆಳ್ಳಿ ಕಿವಿಯೋಲೆಯೊಂದು ಸಿಕ್ಕಿದವು. ಮನೆಗೆ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಮಾತಿನ ಪ್ರಕಾರ, ಕಾಲನ್ನು ಮಗಳ ತೊಡೆಯ ಮೇಲಿಟ್ಟಳು.

ರೋಂಡಾ ಬೂಟು ಕಳಚಿದಳು. ಒಳಗಿನಿಂದ ಮರಳು ಸುರಿಯಿತು. ಫ್ಲ್ಯಾಗ್ಲರಿನ ಮರಳು ಬೇರೆ ಊರಿನದರ ಹಾಗೆ ಹಿಟ್ಟಲ್ಲ. ಕಿತ್ತಳೆ ಬಣ್ಣದ ಚಿಪ್ಪಿನ ನುಚ್ಚು, ಉಪ್ಪುಕಾಗದದಷ್ಟು ಒರಟು. ಹಿಮ್ಮಡಿಯ ಮೇಲೆ ಅಂಗೈಯಗಲ ಕೆಂಪು.

"ಇದೇನು?"

"ಕೆಂಪು."

"ಅಮ್ಮ."

"ಹರಿದಿಲ್ಲ ನೋಡು. ಬೆರಳಾಡಿಸಿ ನೋಡು. ನೀನು ಹೇಳಿದ್ದು ಹರಿದ್ರೆ ಅಂತ."

ರೋಂಡಾ ಬೆರಳಾಡಿಸಿದಳು. ಹರಿದಿರಲಿಲ್ಲ. ಆದರೂ ಅವಳು ಕಾಲನ್ನು ಕೆಳಗಿಡಲಿಲ್ಲ. "ಇನ್ನೊಂದು ಸ್ವಲ್ಪ ಹೊತ್ತು ನಿಂತಿದ್ರೆ ಹರೀತಿತ್ತು. ಇಷ್ಟು ಉಜ್ಜಿದೆ, ನಿಂಗೆ ಒಂಚೂರೂ ಗೊತ್ತಾಗಿಲ್ಲ. ಅದೇ ನಂಗೆ ಭಯ. ನೀನು ಆಸ್ಪತ್ರೇಲಿ ಮಲಗಿದ್ದಾಗ ಆ ಕಾಲಿನ ವಾಸನೆ ಕುಡಿದವಳು ನಾನು, ನೀನಲ್ಲ."

ರೋಂಡಾ ಮೆಷೀನು ಎತ್ತಿಕೊಂಡು ಹೋಗಿ ಟ್ರಕ್ಕಿನೊಳಗಿಟ್ಟು ಬೀಗ ಹಾಕಿದಳು. ಓಪಲ್ ತಡೆಯಲಿಲ್ಲ. ಅವಳು ಬಾಗಿಲಲ್ಲಿ ನಿಂತು ಇಷ್ಟೇ ಹೇಳಿದಳು: "ಇನ್ನೊಂದು ಜೋಡಿ. ಅದೂ ಕೈಕೊಟ್ರೆ ಮೆಷೀನು ನಾನೇ ಡೆಲ್ಬರ್ಟ್ ಮನೆಗೆ ಹೊತ್ಕೊಂಡು ಹೋಗಿ ಕೊಟ್ಟು ಬರ್ತೀನಿ. ಆ ದಿನ ನೀನೂ ದಂಡೇಲಿ ಕೂತು ನೋಡು."

ಅಂಗಡಿಯಲ್ಲಿ ಸಿಗುವುದೆಲ್ಲ ಸ್ಪರ್ಶ ಇರುವ ಕಾಲಿಗೆ ಮಾಡಿದ್ದು ಎಂದು ಅವಳಿಗೆ ಆ ವಾರ ಮನದಟ್ಟಾಯಿತು. ಕಲ್ಲು ಸೇರಿದರೆ ಆ ಕಾಲುಗಳು ಬಾಯಿ ಬಿಟ್ಟು ಹೇಳುತ್ತವೆ, ಬೂಟು ಕಳಚಿ ಕೊಡವುತ್ತಾರೆ. ಅವಳ ಕಾಲು ಮೂಕ. ಮೂಕನಿಗೆ ಬೇರೆ ಮನೆಯನ್ನೇ ಕಟ್ಟಬೇಕು.

ಮುಚ್ಚಿಹೋದ ಸಿಗಡಿ ಕಾರ್ಖಾನೆಯ ಹಿತ್ತಿಲಲ್ಲಿ ಹಳೆಯ ಸಾಮಾನಿನ ರಾಶಿ ಇನ್ನೂ ಇತ್ತು. ಅಲ್ಲಿ ಸಿಗಡಿ ಸಾಗಿಸುತ್ತಿದ್ದ ರಬ್ಬರ್ ಪಟ್ಟಿಯ ತುಂಡುಗಳು ಬಿದ್ದಿದ್ದವು. ರಬ್ಬರಿನ ನಡುವೆ ದಪ್ಪ ಬಟ್ಟೆಯ ಪದರ, ಲೋಹದ ಎಳೆಯೂ ಇಲ್ಲ. ಸಿಗಡಿಯ ತಲೆಯ ಗರಗಸದಂಥ ಮುಳ್ಳು ಕೈಗವಸು ತೂತು ಮಾಡಿದ್ದನ್ನು, ಬೂಟು ತೂತು ಮಾಡಿದ್ದನ್ನು ಓಪಲ್ ಆಯುಷ್ಯವೆಲ್ಲ ನೋಡಿದ್ದಳು. ಆ ಪಟ್ಟಿಯನ್ನು ತೂತು ಮಾಡಿದ್ದನ್ನು ನೋಡಿರಲಿಲ್ಲ. ಕಾವಲುಗಾರ ಹಳೆಯ ಪರಿಚಯ. "ಇದೆಲ್ಲ ಯಾಕೆ ಮಿಸ್ ಓಪಲ್?" ಎಂದ. "ಕಾಲಿಗೆ," ಎಂದಳು. ಅವನಿಗೆ ಅರ್ಥವಾಗಲಿಲ್ಲ, ಆದರೂ ತುಂಡನ್ನು ಸುತ್ತಿ ಕಟ್ಟಿಕೊಟ್ಟ.

ಬೂಟು ಸಾದಾ ರಬ್ಬರಿನದು, ಮೊಣಕಾಲಿನ ಕೆಳಗಿನವರೆಗೆ ಬರುವುದು. ಬಲಗಾಲಿಗೆ ಒಂದು ಅಳತೆ, ಎಡಗಾಲಿಗೆ ಅದಕ್ಕಿಂತ ಚಿಕ್ಕದು. ಅದಕ್ಕಾಗಿ ಎರಡು ಜೋಡಿ ಕೊಂಡು ಒಂದೊಂದನ್ನು ಮೂಲೆಗೆಸೆದಳು. ಚಾಕುವನ್ನು ಸಾಬೂನು ನೀರಿನಲ್ಲಿ ಅದ್ದಿ ಅದ್ದಿ ರಬ್ಬರ್ ಪಟ್ಟಿಯನ್ನು ಪಾದದ ಆಕಾರಕ್ಕೆ ಕೊಯ್ದು ಅಟ್ಟೆಯ ಒಳಗೆ ಕೂರಿಸಿದಳು. ಅದರ ಮೇಲೆ ಉಣ್ಣೆಯ ಹಾಸು. ಇಲ್ಲದ ಬೆರಳುಗಳ ಜಾಗಕ್ಕೂ ಉಣ್ಣೆ ತುಂಬಿದಳು, ಪಾದ ಒಳಗೆ ಅತ್ತಿತ್ತ ಆಡಬಾರದು ಎಂದು. ಮರಳು ನುಗ್ಗದ ಹಾಗೆ ಬೂಟಿನ ಬಾಯಿಗೆ ಸೈಕಲ್ ಟ್ಯೂಬಿನ ಅಗಲವಾದ ಪಟ್ಟಿ ಬಿಗಿದಳು. ಕಾಲುಚೀಲ ಮಾತ್ರ ಬಿಳಿಯದೇ ಬೇಕೆಂದಳು. ಕಾಲು ಹೇಳದಿದ್ದುದನ್ನು ಬಿಳಿ ಬಟ್ಟೆ ಹೇಳುತ್ತದೆ.

ವಾರವೆಲ್ಲ ಈಶಾನ್ಯದ ಗಾಳಿ ಬೀಸಿ ಕಡಲು ದಂಡೆಯನ್ನು ಕೆರೆದುಹಾಕಿತ್ತು. ಗಾಳಿ ನಿಂತ ದಿನ ಬೆಳಿಗ್ಗೆಯೇ ಇಳಿತ. ರೋಂಡಾ ಮಡಿಸುವ ಕುರ್ಚಿ, ಸಿಹಿ ಚಹಾದ ಕೂಜ, ಒಂದು ಜೊತೆ ಒಣ ಕಾಲುಚೀಲ ತಂದಿದ್ದಳು. ಟ್ರಕ್ಕಿನ ಬೀಗ ತೆಗೆದು ಮೆಷೀನು ಕೊಟ್ಟಳು, ಮುಖ ಮಾತ್ರ ಕೊಡಲಿಲ್ಲ.

ಓಪಲ್ ಬೂಟು ಮೆಟ್ಟಿ, ದಂಡೆಯ ಮೇಲೆ ನಿಂತು, ತಟ್ಟೆಯನ್ನು ಮೊದಲು ಬಲ ಬೂಟಿನ ಮೇಲೆ, ಆಮೇಲೆ ಎಡ ಬೂಟಿನ ಮೇಲೆ ಆಡಿಸಿದಳು. ಅಟ್ಟೆಯನ್ನೂ ಎತ್ತಿ ಆಡಿಸಿದಳು. ಹೆಡ್‌ಫೋನಿನಲ್ಲಿ ಗಾಳಿಯ ಸದ್ದೂ ಇರಲಿಲ್ಲ.

"ಬೂಟಿಗೆ ಆರತಿ ಎತ್ತಾಯ್ತಾ?" ಎಂದ ಡೆಲ್ಬರ್ಟ್. ಅವನು ಇದನ್ನು ನೋಡಲೆಂದೇ ಬೇಗ ಬಂದಿದ್ದ.

"ಆಯ್ತು. ಪ್ರಸಾದ ಆಮೇಲೆ ಕೊಡ್ತೀನಿ, ಕಾದಿರು."

ನೀರು ತಣ್ಣಗಿತ್ತು. ಅವಳಿಗೆ ಅದು ಮೊಣಕಾಲಿನಿಂದ ಮೇಲೆ ಗೊತ್ತಾಯಿತು. ಪಾದ ಜಾರಿಸುತ್ತ, ಕಡಲೊಳಕ್ಕೆ ಚಾಚಿದ ಧಕ್ಕೆಯ ಕಂಬಗಳ ದಕ್ಷಿಣಕ್ಕೆ, ಗಾಳಿ ಹೊಸದಾಗಿ ತೋಡಿಟ್ಟ ತಗ್ಗಿಗೆ ಇಳಿದಳು. ಸೊಂಟದಮಟ್ಟ. ಬೀಸಿದಳು. ಮೌನ. ಮತ್ತೆ ಬೀಸಿದಳು, ಸಣ್ಣದೊಂದು ಕೂಗು. ಪಾದದ ತುದಿ ಊರಿದಳು, ಸಲಿಕೆ ಇಳಿಸಿದಳು, ಹಿಮ್ಮಡಿಯಿಂದ ತುಳಿದಳು. ಗಟ್ಟಿ ಅಟ್ಟೆ ಸಲಿಕೆಯನ್ನು ಇಂಚಿಂಚಾಗಿ ನೆಲಕ್ಕೆ ಇಳಿಸಿತು. ಸೀಸದ ಗುಂಡು. ಅದನ್ನು ಎತ್ತಿ ದಂಡೆಯ ಕಡೆ ತೋರಿಸಿದಳು. ಕುರ್ಚಿಯಲ್ಲಿದ್ದವಳು ಕೈ ಎತ್ತಲಿಲ್ಲ. ಇರಲಿ. ವಾರದ ಮೇಲೆ ಅಲೆ ಬಂದು ಪಕ್ಕೆಗೆ ಗುದ್ದಿದಾಗ ಓಪಲ್‌ಗೆ ಬಾಗಿಲಲ್ಲಿ ನಿಂತ ಹಳೆಯ ಜಗಳಗಂಟಿ ನೆರೆಯವಳು ಮಾತಾಡಿಸಿದ ಹಾಗಾಯಿತು. ಗುದ್ದು, ಎಂದುಕೊಂಡಳು, ಎಷ್ಟು ಗುದ್ದುತ್ತೀಯೋ ಗುದ್ದು.

ಆಮೇಲೆ ಹಿತ್ತಾಳೆಯ ತುಂಡೊಂದು, ನಾಣ್ಯ. ಅದಾದ ಮೇಲೆ ಆ ಕೂಗು ಬಂತು.

ತೆಳ್ಳಗಿನ, ಕರಕರೆಯ ಕೂಗು, ಎಡಗಾಲಿನ ಹತ್ತಿರ. ಬಗೆದಳು, ಏನೂ ಇಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಜಾರಿದಳು. ಕೂಗೂ ಬಂತು. ಇನ್ನೊಂದು ಹೆಜ್ಜೆ. ಅದೂ ಇನ್ನೊಂದು ಹೆಜ್ಜೆ ಹಾಕಿತು.

ದಂಡೆಯಿಂದ ಡೆಲ್ಬರ್ಟ್ ಕೂಗಿ ಕೇಳಿದ, "ಏನು, ಮತ್ತೆ ಕಬ್ಬಿಣ ಮೆಟ್ಕೊಂಡ್ಯಾ?"

ಅವಳು ಅಲುಗದೆ ನಿಂತಳು. ತಟ್ಟೆಯನ್ನು ಬಲ ಬೂಟಿನ ಮೇಲೆ ತಂದಳು, ಮೌನ. ಎಡಕ್ಕೆ ತಂದಳು, ಕೂಗು. ನೀರಿಗಿಳಿಯುವ ಮೊದಲು ಈ ಬೂಟು ಸುಮ್ಮನಿತ್ತು. ಹಾಗಾದರೆ ಇದು ಬೂಟಿನ ಕೂಗಲ್ಲ. ಆ ಬೂಟಿಗೆ ಏನೋ ಚುಚ್ಚಿಕೊಂಡಿದೆ. ಎಷ್ಟು ಹೊತ್ತಾಯಿತೋ, ಎಷ್ಟು ಆಳ ಹೋಗಿದೆಯೋ, ಕಾಲು ಮಾತ್ರ ನಿದ್ದೆಯಲ್ಲಿದೆ.

ಇನ್ನು ಸ್ವಲ್ಪ ದೂರ ಹೋಗಿ, ಧಕ್ಕೆಯ ಕಂಬದ ಮರೆಯಲ್ಲಿ ನಿಂತು ಕಿತ್ತುಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಅವಳಿಗೆ ಬಾರದೆ ಇರಲಿಲ್ಲ. ಆದರೆ ಕದ್ದು ನೀರಿನಲ್ಲಿ ನಿಲ್ಲುವುದಾದರೆ ಆ ನಿಲ್ಲುವಿಕೆಗೆ ಬೆಲೆ ಏನು? ಅವಳು ತಿರುಗಿದಳು. ಎಡಗಾಲಿನ ಮೇಲೆ ಭಾರ ಹಾಕದೆ, ಸಲಿಕೆಯನ್ನು ಊರುಗೋಲು ಮಾಡಿಕೊಂಡು ನೇರವಾಗಿ ಮಗಳ ಮುಂದೆ ಬಂದು, ಮರಳಲ್ಲಿ ಕೂತು ಕಾಲು ಚಾಚಿದಳು.

"ನೋಡು. ಕಾಲಲ್ಲಿ ಏನೋ ಇದೆ ಅಂತ ಮೆಷೀನು ಹೇಳ್ತು."

ರೋಂಡಾ ಅಟ್ಟೆಯನ್ನು ತಿರುಗಿಸಿದಳು. ಧಕ್ಕೆಯ ಮೇಲೆ ಮೀನು ಹಿಡಿಯುವವರು ಕಳೆದುಕೊಂಡ ಗಾಳ, ಮೂರು ಕೊಕ್ಕೆಯದು. ಒಂದು ಕೊಕ್ಕೆ ಬಾಗಿದ ಜಾಗದವರೆಗೂ ಅಟ್ಟೆಯೊಳಗೆ ಹೋಗಿತ್ತು. ಅವಳು ಬೂಟು ಕಳಚಲು ಕೈ ಹಾಕಿದಳು. ಡೆಲ್ಬರ್ಟ್ ಎದ್ದು ಬಂದವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. ತಮಾಷೆ ಮಾಡಲಿಲ್ಲ.

"ಬೂಟು ಎಳೀಬೇಡ," ಎಂದ. "ಮೊದಲು ಕೊಕ್ಕೆ." ಜೇಬಿನಿಂದ ಇಕ್ಕಳ ತೆಗೆದು, ಮಂಡಿಯೂರಿ, ನರಳುತ್ತ ಕೊಕ್ಕೆಯನ್ನು ಹಿಂದಕ್ಕೆ ತಿರುವಿ ತೆಗೆದ. ರೋಂಡಾ ಟ್ಯೂಬಿನ ಪಟ್ಟಿ ಬಿಚ್ಚಿ ಬೂಟನ್ನು ಕಳಚಿದಳು.

ಕಾಲುಚೀಲ ಬೆಳ್ಳಗಿತ್ತು. ಒದ್ದೆಯಾಗಿತ್ತು, ಬೆಳ್ಳಗಿತ್ತು. ಅವಳು ಅದನ್ನೂ ಕಳಚಿದಳು. ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು, ಬೆರಳ ಸಂದಿ ನೋಡಿದಳು, ಹಿಮ್ಮಡಿ ನೋಡಿದಳು. ಕೆಂಪೂ ಇರಲಿಲ್ಲ. ಬೂಟಿನೊಳಗೆ ಕೈ ಹಾಕಿ ಉಣ್ಣೆ ಎತ್ತಿ ಆ ರಬ್ಬರ್ ತುಂಡನ್ನು ಹೊರಗೆಳೆದಳು. ಕೆಳಗಿನಿಂದ ಒಂದು ಸಣ್ಣ ಕಚ್ಚು, ಮೇಲೆ ಏನೂ ಇಲ್ಲ.

ರೋಂಡಾ ಆ ಕಚ್ಚಿಗೆ ಉಗುರು ಒತ್ತಿ ನೋಡಿದಳು.

"ಇದು ಗಾಜಾಗಿದ್ರೆ ಮೆಷೀನು ಕೂಗ್ತಿತ್ತಾ?"

"ಇಲ್ಲ," ಎಂದಳು ಓಪಲ್.

"ಚಿಪ್ಪಾಗಿದ್ರೆ?"

"ಅದಕ್ಕೂ ಇಲ್ಲ. ಅದಕ್ಕೇ ಈ ಪಟ್ಟಿ. ಪಟ್ಟಿ ಸೋತ್ರೆ ಬಿಳಿ ಕಾಲುಚೀಲ. ಆಗಾಗ ಮೇಲೆ ಬಂದು ತೋರಿಸ್ತೀನಿ, ಕದಿಯಲ್ಲ."

"ಒಬ್ಬಳೇ ಬಂದ ದಿನ ಯಾರಿಗೆ ತೋರಿಸ್ತೀಯ?"

"ಒಬ್ಬಳೇ ಬರಲ್ಲ."

"ಅಂದ್ರೆ ನಾನು ಸಾಯೋವರೆಗೂ ಇಲ್ಲಿ ಕುರ್ಚಿ ಹಾಕ್ಕೊಂಡು ನಿನ್ನ ಕಾಲು ನೋಡ್ತಾ ಕೂತಿರಬೇಕು."

"ಡೆಲ್ಬರ್ಟೂ ನೋಡಬಹುದು. ಅವನಿಗೇನು ಕೆಲಸ, ಮುಚ್ಚಳ ಆರಿಸೋದು ತಾನೆ."

"ನಿನ್ನ ಕಾಲು ನೋಡೋಕಿಂತ ಮುಚ್ಚಳವೇ ವಾಸಿ," ಎಂದ ಡೆಲ್ಬರ್ಟ್. ಟೋಪಿ ಮತ್ತೆ ತಲೆಗೆ ಏರಿತ್ತು. ಆದರೆ ಗಾಳವನ್ನು ಬಿಸಾಡದೆ ಜೇಬಿಗೆ ಹಾಕಿಕೊಂಡ.

ರೋಂಡಾ ನಗಲಿಲ್ಲ. ಒಣ ಕಾಲುಚೀಲ ಬಿಡಿಸಿ, ತಾಯಿಯ ಪಾದವನ್ನು ತನ್ನ ಲಂಗಕ್ಕೇ ಒರೆಸಿ, ಬೆರಳಿಲ್ಲದ ಜಾಗದಲ್ಲಿ ಮಡಿಕೆ ಬೀಳದ ಹಾಗೆ ಎಳೆದು ಹಾಕಿದಳು. ರಬ್ಬರ್ ತುಂಡನ್ನು ಒಳಗೆ ಕೂರಿಸಿದಳು. ಉಣ್ಣೆ ಸರಿ ಮಾಡಿದಳು. ಬೂಟು ಏರಿಸಿ ಟ್ಯೂಬಿನ ಪಟ್ಟಿಯನ್ನು ಬಿಗಿದಳು, ಬೇಕಾದ್ದಕ್ಕಿಂತ ಜಾಸ್ತಿಯೇ ಬಿಗಿದಳು.

"ಡಾಕ್ಟರಿಗೆ ಇದನ್ನೆಲ್ಲ ನಾನು ಹೇಳ್ತೀನಿ," ಎಂದಳು. "ಈ ಬೂಟೂ ತಗೊಂಡು ಹೋಗಿ ತೋರಿಸ್ತೀನಿ."

"ತೋರಿಸು. ಬೇಡ ಅಂದ್ರೆ ಅವರಿಗೂ ಒಂದು ಕುರ್ಚಿ ಹಾಕು."

ಓಪಲ್ ಸಲಿಕೆ ಊರಿ ಎದ್ದಳು. ನೀರು ಇನ್ನೂ ಇಳಿಯುತ್ತಿತ್ತು. ಹೆಡ್‌ಫೋನು ಏರಿಸಿ, ತಟ್ಟೆಯನ್ನು ಬಲ ಬೂಟಿನ ಮೇಲೆ ಆಡಿಸಿದಳು. ಎಡ ಬೂಟಿನ ಮೇಲೆ ತಂದಾಗ ಮೂವರೂ ಸುಮ್ಮನಾದರು, ಕೇಳಿಸುವುದು ಅವಳೊಬ್ಬಳಿಗೇ ಆದರೂ. ಅವಳು ಕಣ್ಣು ಮುಚ್ಚಿ ಕೇಳಿದಳು, ಆಮೇಲೆ ಹೆಡ್‌ಫೋನು ತೆಗೆದು ಮಗಳ ಕಿವಿಗಿಟ್ಟಳು, ಇನ್ನೊಮ್ಮೆ ಆಡಿಸಿದಳು.

"ಏನು ಕೇಳಿಸ್ತು?"

"ಏನೂ ಇಲ್ಲ."

"ಹ್ಞಾಂ," ಎಂದಳು ಓಪಲ್, ಮತ್ತು ಹೆಡ್‌ಫೋನು ವಾಪಸು ತೆಗೆದುಕೊಂಡು, ಪಾದ ಜಾರಿಸುತ್ತ ಅಲೆಯ ಕಡೆಗೆ ಹೊರಟಳು.